ಏರು ಹತ್ತದ ಗಾಡಿ

ಹುನಗುಂದ, ೩ ಮಾರ್ಚ್ ೧೯೭೯

ತಮ್ಮನಿಗೆ ಕಾಗದ. ಪೋಸ್ಟಿಗೆ ಹಾಕುವ ಮುಂಚೆ ಇಲ್ಲಿ ಒಮ್ಮೆ ಬರೆದು ನೋಡುವುದು ಹಳೆಯ ಚಾಳಿ.

‘ಚಿ. ಅಮಾತೆಪ್ಪನಿಗೆ ಅಣ್ಣ ಅಂದಪ್ಪನ ಆಶೀರ್ವಾದಗಳು. ನಿನ್ನ ಬೆನ್ನುನೋವು ಹೇಗಿದೆ? ನಿನ್ನ ಮನೆಯಾಕೆ ಗುರುಲಿಂಗವ್ವನ ಕಣ್ಣಿಗೆ ಹಾಕಿದ ಮುಲಾಮು ನಾಟಿತೇ? ಮೊಮ್ಮಗಳು ಚಂದವ್ವನಿಗೆ ಹಲ್ಲು ಬಂದಿವೆಯಂತೆ, ಸಿಕ್ಕವರನ್ನೆಲ್ಲ ಕಚ್ಚುತ್ತಾಳಂತೆ. ಕಚ್ಚಲಿ, ಬಾಗಲಕೋಟೆಯ ವ್ಯಾಪಾರಿಗಳಿಗೆ ಅದೂ ಒಂದಿಷ್ಟು ಬೇಕು. ಇಲ್ಲಿ ನಿನ್ನ ಅತ್ತಿಗೆ ಶಿವಬಸವ್ವ ಆರಾಮ. ನಾನೂ ಆರಾಮ, ಮೊಣಕಾಲೊಂದು ಬಿಟ್ಟರೆ. ನಿನ್ನ ಅಂಬಾಸಿಡರ್ ನಿನ್ನೆ ಬಂದು ಮುಟ್ಟಿತು.’

ಇಷ್ಟೇ. ಖಾಸಿಂಸಾಬನ ಕೈಯಲ್ಲಿ ಕಳಿಸಿದ ಚೀಟಿಯ ಮಾತು ಎತ್ತಲಿಲ್ಲ. ಎತ್ತಿದರೆ ಬೈಗುಳ ಬರುತ್ತಿತ್ತು. ಚೀಟಿಯಲ್ಲಿ ಬರೆದಿದ್ದಾನೆ — ಅಣ್ಣ, ಗಾಡಿ ಏರು ಹತ್ತುವುದಿಲ್ಲ. ಗಾಡಿಯಲ್ಲಿ ದೋಷವಿಲ್ಲ ಎಂದು ಇಲ್ಲಿಯ ಮಿಸ್ತ್ರಿಗಳು ಹೇಳುತ್ತಾರೆ. ಖಾಸಿಂನ ಬಲಗಾಲಿನಲ್ಲಿ ಶಕ್ತಿ ಹೋಗಿದೆ, ಎಕ್ಸಿಲೇಟರ್ ಒತ್ತಲು ಆಗುತ್ತಿಲ್ಲ. ನೀನೊಮ್ಮೆ ನೋಡು. ಗಾಡಿಯ ತಪ್ಪಿದ್ದರೆ ಸರಿ. ಇಲ್ಲದಿದ್ದರೆ ಮೇ ಒಂದರಿಂದ ಹುಲ್ಲಪ್ಪ ಎಂಬ ಹುಡುಗನನ್ನು ಡ್ರೈವರ್ ಮಾಡಿಕೊಳ್ಳುತ್ತೇನೆ.

ತಮ್ಮ ಖಣ-ಸೀರೆಯ ವ್ಯಾಪಾರ ಶುರು ಮಾಡಿದಾಗಿನಿಂದ ಅವನ ಗಾಡಿ ಓಡಿಸಿದವನು ಖಾಸಿಂ, ಮನೆ-ಮಠ ಇದೇ ಊರಿನಲ್ಲಿ. ತನ್ನನ್ನು ಬಿಡಿಸುವ ಚೀಟಿಯನ್ನು ತಾನೇ ಜೇಬಿನಲ್ಲಿಟ್ಟು ತಂದಿದ್ದಾನೆ. ಓದಲು ಬರುವುದಿಲ್ಲ.

‘ಏನ್ ಬರ್ದಾರ್ರಿ ಸಾವಕಾರ್ರು?’ ಅಂದ.

‘ಗಾಡಿ ನೋಡು ಅಂತ.’

‘ಅಷ್ಟ?’

‘ಅಷ್ಟ.’

೫ ಮಾರ್ಚ್

ಅಮೀನಗಡದ ಹಾದಿಗೆ ಹೋಗಿ ಬಂದೆವು. ನಿಂತಲ್ಲಿ ಎಂಜಿನ್ ಸದ್ದು ಚೊಕ್ಕ. ಬಯಲಿನಲ್ಲಿ ಹೇಗೋ ಓಡುತ್ತದೆ. ದಿಬ್ಬ ಬಂತೋ — ಸತ್ತಿತು. ಟಾಪಿನಿಂದ ಥರ್ಡ್, ಥರ್ಡಿನಿಂದ ಸೆಕೆಂಡ್, ಕಡೆಗೆ ಫಸ್ಟ್. ಬಾನೆಟ್ಟಿನ ಮೇಲೆ ಕೈ ಇಡಲಾಗದ ಕಾವು. ಎತ್ತಿನ ಗಾಡಿಯವನೊಬ್ಬ ಪಕ್ಕಕ್ಕೆ ಬಂದು, ‘ಎತ್ತು ಬಿಚ್ಚಿ ಕೊಡ್ಲೇನ್ರಿ ಯಜಮಾನರ?’ ಅಂದ.

ನಾನು ಬಗ್ಗಿ ಖಾಸಿಂನ ಕಾಲು ನೋಡಿದೆ. ಪೆಡಲು ನೆಲಕ್ಕೆ ಹತ್ತಿತ್ತು. ಇನ್ನೆಷ್ಟು ಒತ್ತಬೇಕು?

‘ಲೇ ಖಾಸಿಂ, ನಿನ್ನ ಕಾಲು ಗಟ್ಟಿ ಐತಿ.’

‘ಇಲ್ರಿ ಅಣ್ಣಾರ. ಮೊದ್ಲಿನ ಜೋರಿಲ್ಲ. ಸಾವಕಾರ್ರು ಹೇಳೋದು ಖರೆ ಇರಬೇಕು.’

ಸಿಟ್ಟು ಬಂತು. ತಮ್ಮನ ಮಾತು ಇವನ ಕಾಲಿಗೇ ಇಳಿದುಬಿಟ್ಟಿದೆ. ಮನೆಯಲ್ಲಿ ಹೆಂಡತಿ ಲಾಡಬಿ ದಿನಾ ಸಂಜೆ ಎಳ್ಳೆಣ್ಣೆ ಹಚ್ಚಿ ತಿಕ್ಕುತ್ತಾಳಂತೆ.

೮ ಮಾರ್ಚ್

ಪ್ಲಗ್ ಬಿಚ್ಚಿದೆ. ಸ್ವಚ್ಛ. ಕಾರ್ಬೊರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ಪೆಟ್ರೋಲ್ ಪಂಪ್ ಸರಿ. ಡೆಲ್ಕೋ ಮುಚ್ಚಳ ತೆಗೆದೆ. ನಾಲ್ಕೂ ಪ್ಲಗ್ಗಿಗೆ ಸರದಿಯ ಮೇಲೆ ಕಿಡಿ ಹಂಚುವ ಡಬ್ಬಿ ಅದು. ಒಳಗೆ ಪಾಯಿಂಟ್ ಹೊಸದು.

‘ಇದರ ಒಳಗ ಯಾರರೆ ಕೈ ಹಾಕ್ಯಾರೇನು?’ ಎಂದು ಕೇಳಿದೆ.

‘ಇಲ್ರಿ. ಪಾಯಿಂಟ್ ಬಿಟ್ರ ಕಂಪನಿದ್ದದ್ದ ಐತಿ.’

ಹಾಗಾದರೆ ಕೆಳಗೆ ಬಿಚ್ಚುವುದು ಬೇಡ ಎಂದು ಮುಚ್ಚಿದೆ.

ಶಿವಬಸವ್ವ ಹಿಟ್ಟು ನಾದುವ ಪರಾತ ಹುಡುಕುತ್ತ ಬಂದಳು. ಕಾರ್ಬೊರೇಟರ್ ಅದರಲ್ಲಿಯೇ ತೊಳೆದಿದ್ದೆ. ‘ನಾಳಿ ರೊಟ್ಟಿ ತಿಂದು ನೀವ ಗುಡ್ಡಾ ಹತ್ರಿ, ಎಣ್ಣಿ ಹೊಟ್ಟ್ಯಾಗ ಇರತೈತಿ’ ಅಂದಳು. ಎರಡನೆಯ ಸಲ ದಿಬ್ಬಕ್ಕೆ ಹೋಗಿ ಬಂದೆವು. ಅದೇ ಸಾವು.

೧೩ ಮಾರ್ಚ್

ಇಳಕಲ್ಲಿಗೆ ಒಯ್ದೆವು. ಯಮನಪ್ಪ ಮಿಸ್ತ್ರಿ. ಬಲ್ಬ್ ಹಚ್ಚಿ ಕಿಡಿ ಹಾರುವ ಟೈಮಿಂಗ್ ನೋಡಿದ, ಕಿವಿಗೊಟ್ಟು ಕೇಳಿದ, ಎಲೆಅಡಿಕೆ ಉಗುಳಿ ಬಂದು ಮತ್ತೆ ಕೇಳಿದ.

‘ಅಜ್ಜಾರ, ಎಂಜಿನ್ ಸಾರಂಗಿ ಹಂಗ ಐತಿ. ಗಾಡೀನ ಬ್ಯಾರೆದವ್ರ ಕೈಯಾಗ ಕೊಟ್ಟು ನೋಡ್ರಿ.’

‘ನಿಂತಲ್ಲೆ ಎಲ್ಲಾರೂ ಹಾಡ್ತಾರಪ್ಪ. ಏರಿನಾಗ ಯಾಕ ಹಾಡವಲ್ದು?’

‘ಏರು ನಮ್ಮ ಗ್ಯಾರೇಜಿನ್ಯಾಗ ಇಲ್ಲಲ್ರಿ’ ಅಂದ. ಅಲ್ಲಿದ್ದವರೆಲ್ಲ ನಕ್ಕರು. ಖಾಸಿಂ ನಗಲಿಲ್ಲ, ಟೋಪಿ ತೆಗೆದು ಕೊಡವಿ ಮತ್ತೆ ಹಾಕಿಕೊಂಡ.

೧೬ ಮಾರ್ಚ್

ತಮ್ಮನ ಉತ್ತರ. ಎಲ್ಲರೂ ಆರಾಮ. ಗಾಡಿ ಇಲ್ಲಿಗೆ ಬರುವ ಮುಂಚೆ ಒಂದು ದಿನ ಹುಲ್ಲಪ್ಪನ ಕೈಯಲ್ಲಿ ಕೊಟ್ಟು ನೋಡಿದ್ದನಂತೆ, ತುಳಸಿಗೇರಿಯ ಹನುಮಪ್ಪನ ಗುಡಿಗೆ ಹೋಗಿ ಬರಲಿಕ್ಕೆ. ‘ಬಾಣ ಬಿಟ್ಟಂತೆ ಹೋಯಿತು ಅಣ್ಣ.’

ತುಳಸಿಗೇರಿಯ ಹಾದಿಯಲ್ಲಿ ಎಲ್ಲಿದೆ ಏರು? ಬೆಳಗಿನ ತಂಪು, ಖಾಲಿ ಗಾಡಿ, ಹುಡುಗನ ಹುರುಪು. ಹೀಗೆ ಬರೆದರೆ ‘ಖಾಸಿಂನ ವಕೀಲ’ ಎನ್ನುತ್ತಾನೆ. ಬರೆಯಲಿಲ್ಲ.

೨೧ ಮಾರ್ಚ್

ಮೈಯೆಲ್ಲ ಗ್ರೀಸು. ಕೂರಲಾಗದು, ನಿಲ್ಲಲಾಗದು.

ವಾಲ್ವ್ ಟೈಮಿಂಗೇ ತಪ್ಪಿರಬೇಕು ಎಂದು ತಲೆಯಲ್ಲಿ ಹೊಕ್ಕಿತ್ತು. ಎಂಜಿನ್ ಉಸಿರು ತೆಗೆದುಕೊಳ್ಳುವ, ಬಿಡುವ ಬಾಗಿಲುಗಳೇ ವಾಲ್ವ್. ಅವು ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ ಗಾಡಿಗೆ ದಮ್ಮು ಎಲ್ಲಿಂದ ಬರಬೇಕು? ಇಂಗ್ಲಿಷ್ ಮ್ಯಾನ್ಯುಅಲ್ ಬಲಗಡೆ, ಡಿಕ್ಷನರಿ ಎಡಗಡೆ. ರೇಡಿಯೇಟರ್ ಇಳಿಸಿದೆವು. ಮುಂದಿನ ಮುಚ್ಚಳ ಬಿಚ್ಚಿದೆವು. ಚೈನು ಕಂಡಿತು. ಎರಡೂ ಚಕ್ರದ ಗುರುತು ಒಂದರ ಮುಖ ಒಂದು ನೋಡುತ್ತ ಕೂತಿದ್ದವು, ಹೊಸ ಮದುಮಕ್ಕಳ ಹಾಗೆ. ಒಂದು ಹಲ್ಲೂ ತಪ್ಪಿಲ್ಲ.

ಮತ್ತೆ ಎಲ್ಲ ಕೂಡಿಸಿದೆವು. ಒಂದು ನಟ್ಟು ಉಳಿಯಿತು. ಎಲ್ಲಿಯದೋ ಗೊತ್ತಿಲ್ಲ.

ಹಿಟ್ಟಿನ ಗಿರಣಿಯ ಎಂಜಿನನ್ನು ಆಯುಷ್ಯವಿಡೀ ಓಡಿಸಿದವನು ನಾನು. ಅದಕ್ಕೆ ಏರಿಲ್ಲ, ಇಳಿವಿಲ್ಲ, ಒಂದೇ ಓಟ. ಈ ಗಾಡಿಗೆ ನೂರು ಬುದ್ಧಿ.

೩೧ ಮಾರ್ಚ್

ಯುಗಾದಿ ಆಯಿತು. ಬೇವು-ಬೆಲ್ಲ ತಿಂದೆವು. ಬೇವಷ್ಟೇ ನಾಲಿಗೆಗೆ ಹತ್ತಿತು.

ಇವತ್ತು ಡೆಲ್ಕೋದ ಪಕ್ಕದ ಸಣ್ಣ ನಳಿಗೆಗೆ ಬಾಯಿ ಹಚ್ಚಿ ಎಳೆದು ನೋಡಿದೆ. ಗಾಳಿಯ ಎಳೆತಕ್ಕೆ ಒಳಗಿನ ತಗಡು ಸರಿಯಬೇಕು. ಸರಿಯಿತು. ಅದೂ ಸರಿ. ಎಲ್ಲವೂ ಸರಿ! ಬಾಯಲ್ಲಿ ಪೆಟ್ರೋಲ್ ವಾಸನೆ ಮಧ್ಯಾಹ್ನದ ಊಟದವರೆಗೂ ಹೋಗಲಿಲ್ಲ. ಇಂಥ ಹಟಮಾರಿ ಗಾಡಿಯನ್ನು ಗುಜರಿಗೆ ಹಾಕಬೇಕು... ಹಾಕಿದರೆ ಖಾಸಿಂ?

ಅವನೀಗ ಗ್ಯಾರೇಜಿನ ಮಾತು ಬಿಟ್ಟು ಬೇರೆ ಮಾತು ಶುರು ಮಾಡಿದ್ದಾನೆ. ಸಂತೆಯಲ್ಲಿ ಮಂಡಕ್ಕಿ-ಮಿರ್ಚಿ ಅಂಗಡಿ ಇಡುತ್ತಾನಂತೆ. ಕೂತು ಮಾಡುವ ಕೆಲಸ, ಕಾಲು ಬೇಕಾಗಿಲ್ಲವಂತೆ.

೪ ಏಪ್ರಿಲ್

ಎಳೆಯಿತು! ಗಾಡಿ ಎಳೆಯಿತು!

ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು. ಎಂಜಿನ್ ಜೋರಾದಷ್ಟೂ ಕಿಡಿ ಸ್ವಲ್ಪ ಮುಂಚೆ ಹಾರಬೇಕು. ಗಾಡಿ ಅದನ್ನು ತಾನೇ ಮಾಡಿಕೊಳ್ಳಬೇಕು. ಮಾಡಿಕೊಳ್ಳದಿದ್ದರೆ? ನಾನೇ ಕೈಯಿಂದ ಡೆಲ್ಕೋ ಸಡಿಲಿಸಿ ಒಂದಿಷ್ಟು ತಿರುಗಿಸಿ ಬಿಗಿ ಮಾಡಿದೆ. ದಿಬ್ಬ ಥರ್ಡಿನಲ್ಲಿ ಹತ್ತಿತು. ಖಾಸಿಂ ಹಾರ್ನ್ ಬಾರಿಸಿದ, ಸುಮ್ಮಸುಮ್ಮನೆ.

ನಾಳೆಯೇ ತಮ್ಮನಿಗೆ ಬರೆಯುತ್ತೇನೆ.

೧೦ ಏಪ್ರಿಲ್

ಬರೆಯಲಾಗಲಿಲ್ಲ. ಐದನೆಯ ತಾರೀಖು ಬೆಳಿಗ್ಗೆ ಬ್ಯಾಟರಿ ಇಳಿದಿತ್ತು. ಹ್ಯಾಂಡಲ್ ಹಾಕಿ ತಿರುಗಿಸಿದೆ. ಎಂಜಿನ್ ಹಿಂದಕ್ಕೆ ಒದೆಯಿತು. ಮಣಿಕಟ್ಟು ಬದನೆಕಾಯಿಯಷ್ಟು ಊದಿಕೊಂಡಿತು. ಇವತ್ತು ಪೆನ್ನು ಹಿಡಿಯಲು ಬಂದಿದೆ, ಅಕ್ಷರ ಇರುವೆ ಸಾಲಿನಂತೆ.

ಪೆಟ್ಟು ಬಿದ್ದ ಮೇಲೆ ಬುದ್ಧಿ. ಕಿಡಿ ಕಾಯಮ್ಮಾಗಿ ಮುಂಚೆ ಹಾರಿದರೆ ಏರಿನಲ್ಲಿ ಚಲೋ, ಸ್ಟಾರ್ಟಿಂಗಿನಲ್ಲಿ ಕೈ ಮುರಿಯುತ್ತದೆ. ಅಂದರೆ ನಾನು ಮಾಡಿದ್ದು ರಿಪೇರಿಯಲ್ಲ. ಆದರೆ ರೋಗ ಎಲ್ಲಿದೆ ಎಂದು ತಿಳಿಯಿತು. ಜೋರು ಹಿಡಿದಾಗ ಕಿಡಿಯನ್ನು ಮುಂದಕ್ಕೆ ಸರಿಸುವ ಸಾಮಾನು ಡೆಲ್ಕೋದ ಕೆಳಮನೆಯಲ್ಲಿದೆ. ಕಂಪನಿಯದ್ದೇ ಇದೆ ಎಂದು ಖಾಸಿಂ ಹೇಳಿದ್ದರಿಂದ ನಾನು ಬಿಚ್ಚದೇ ಬಿಟ್ಟ ಜಾಗ.

೧೧ ಏಪ್ರಿಲ್

ಬಿಚ್ಚಿದೆ. ಕೈ ನೋಯುತ್ತಿತ್ತು, ಆದರೂ.

ತಗಡಿನ ಕೆಳಗೆ ಎರಡು ಸಣ್ಣ ತೂಕದ ತುಂಡು. ತಿರುಗುವ ಜೋರಿಗೆ ಅವು ಹೊರಕ್ಕೆ ಸರಿಯಬೇಕು. ಸರಿದರೆ ಕಿಡಿ ಮುಂಚೆ. ವಾಪಸು ಎಳೆದುಕೊಳ್ಳಲು ಎರಡು ಸ್ಪ್ರಿಂಗ್. ಒಂದು ಕಂಪನಿಯದು. ಇನ್ನೊಂದು... ಇದು ಯಾವ ಜಾತಿಯದೋ. ದಪ್ಪ ತಂತಿ, ತುದಿಯ ಕೊಕ್ಕೆ ಪಕ್ಕಡಿನಿಂದ ಹಿಡಿದು ಬಗ್ಗಿಸಿದ್ದು, ಕತ್ತರಿಸಿದ ಗುರುತೂ ಇದೆ. ಬೆರಳಿನಿಂದ ಎಳೆದೆ, ಜಗ್ಗಲಿಲ್ಲ. ಇಂಥದು ಹಿಡಿದು ಕೂತರೆ ತೂಕಗಳು ಎಲ್ಲಿ ಸರಿಯಬೇಕು? ಗಾಡಿ ಎಷ್ಟು ಓಡಿದರೂ ಡೆಲ್ಕೋಕ್ಕೆ ನಿಂತಂತೆಯೇ.

‘ಖಾಸಿಂ, ಇದು ಕಂಪನಿದ್ದೇನು?’

ನೋಡಿದ. ಮುಖ ಬೇರೆಯಾಯಿತು.

‘ನೆನಪಿಲ್ರಿ.’

‘ನೆನಪಿಲ್ಲೋ, ಹೇಳಂಗಿಲ್ಲೋ?’

‘ನಮಾಜಿನ ಹೊತ್ತಾತ್ರಿ’ ಎಂದು ಎದ್ದು ಹೋದ.

೧೨ ಏಪ್ರಿಲ್

ಬಸ್ಸಿಗೆ ಇಳಕಲ್ಲು. ಯಮನಪ್ಪ ಸ್ಪ್ರಿಂಗ್ ನೋಡಿ ಮೋಟಾರಿನದಲ್ಲ ಅಂದ, ಅಷ್ಟೇ ಅವನಿಗೆ ತಿಳಿದದ್ದು. ಬರುವಾಗ ಸೀರೆ ನೇಯುವ ತಾಯವ್ವನ ಮನೆಗೆ ಹೋದೆ, ತಮ್ಮನಿಗೆ ಸೀರೆ ಕೊಡುವವಳು, ಕ್ಷೇಮ ಕೇಳಲಿಕ್ಕೆ. ಕೈಯಲ್ಲಿದ್ದುದನ್ನು ಅವಳೇ ಕಸಿದುಕೊಂಡು ನೋಡಿದಳು.

‘ಇದೆಲ್ಲಿತ್ರಿ?’

‘ಮೋಟಾರಿನ್ಯಾಗ.’

‘ಅಯ್ಯ ಶಿವನ! ಮೋಟಾರಿನ್ಯಾಗ ಮಗ್ಗಾ ಹೂಡೀರೇನ್ರಿ ಅಣ್ಣಾರ? ಇದು ಡಾಬಿ ಸ್ಪ್ರಿಂಗು. ನಮ್ಮಲ್ಲಿ ಇಷ್ಟ ಬಿಗಿ ಇರಂಗಿಲ್ಲ. ಗುಳೇದಗುಡ್ಡದಾಗ ಖಣಾ ನೇಯೋರು ಮಗ್ಗದ ಮ್ಯಾಲಿನ ಪೆಟಗಿಗೆ ಹಾಕ್ತಾರ, ಹೂವಿನ ಎಳಿ ಎತ್ತಾಕ.’

ಮಗ್ಗದ ಸ್ಪ್ರಿಂಗ್! ಖಾಸಿಂ ಹಾಕಿದ್ದಾನೆ, ಹಾಕಿ ಮುಚ್ಚಿಟ್ಟಿದ್ದಾನೆ. ನಾನು ರೇಡಿಯೇಟರ್ ಇಳಿಸುವಾಗ ಪಕ್ಕದಲ್ಲಿ ನಿಂತು ಪಾನಾ ಕೊಟ್ಟನಲ್ಲ! ನನ್ನ ಮಣಿಕಟ್ಟಿಗೆ ಪಟ್ಟಿ ಕಟ್ಟಿದವನೂ ಅವನೇ.

ಇದನ್ನು ತಮ್ಮನಿಗೆ ಬರೆದರೆ ಕಾಲಿಗಾಗಿ ಬಿಡಿಸುವವನು ಮೋಸಕ್ಕಾಗಿ ಬಿಡಿಸುತ್ತಾನೆ. ಬರೆಯದಿದ್ದರೆ ಕಾಲಿಗಾಗಿ.

೧೮ ಏಪ್ರಿಲ್

ಇಷ್ಟು ದಿನ ಖಾಸಿಂನ ಜೊತೆ ಮಾತಿಲ್ಲ. ಹುಬ್ಬಳ್ಳಿಗೆ ಹೋಗುವ ಕಂಡಕ್ಟರನ ಕೈಯಲ್ಲಿ ಒಳ್ಳೆಯ ಸ್ಪ್ರಿಂಗ್ ತರಲು ಹೇಳಿದ್ದೇನೆ. ಗಾಡಿ ಬೇವಿನ ಗಿಡದ ಕೆಳಗೆ. ಮೇಲೆಲ್ಲ ಹೂವು ಉದುರಿದೆ.

ಇವತ್ತು ಲಾಡಬಿ ಬಂದಳು. ಹೊಸ್ತಿಲ ಹೊರಗೇ ನಿಂತು ಶಿವಬಸವ್ವನ ಎದುರಿಗೆ ಮಾತು ತೆಗೆದಳು.

‘ಅಣ್ಣಾರ, ಇವ್ರು ಬಾಯಿ ಬಿಡಂಗಿಲ್ಲ. ನಾ ಬಿಡ್ತೇನಿ. ನಾ ಯಾರಿಗೂ ಮಾತು ಕೊಟ್ಟಿಲ್ಲ.’

ಹೋದ ದಸರೆಯ ಹೊತ್ತಿನ ಮಾತು. ಗುಳೇದಗುಡ್ಡದಿಂದ ಖಣದ ಗಂಟು ತುಂಬಿಕೊಂಡು ಹೊರಟಿದ್ದರು, ಖಾಸಿಂ ಮತ್ತು ತಮ್ಮ. ಮರುದಿನ ಮದುವೆಯವರಿಗೆ ಕೊಡಬೇಕಾದ ಮಾಲು. ಊರು ದಾಟುವುದರೊಳಗೆ ಗಾಡಿ ಕೆಮ್ಮಿ ನಿಂತಿತು. ಖಾಸಿಂ ಡೆಲ್ಕೋ ಬಿಚ್ಚಿದ. ಒಳಗೊಂದು ಸ್ಪ್ರಿಂಗ್ ಮುರಿದು ಸಿಕ್ಕಿಕೊಂಡಿತ್ತು. ನಾಳೆ ಬಾಗಲಕೋಟೆಯಿಂದ ತರಿಸೋಣ ಅಂದ. ತಮ್ಮ ಕೇಳಲಿಲ್ಲ. ನಡೆದು ಹೋಗಿ ನೇಕಾರರ ಮನೆಯಿಂದ ಒಂದು ಸ್ಪ್ರಿಂಗ್ ತಂದ. ತಾನೇ ಪಕ್ಕಡಿನಿಂದ ಕತ್ತರಿಸಿದ, ತಾನೇ ಕೊಕ್ಕೆ ಬಗ್ಗಿಸಿದ.

‘“ಸ್ಪ್ರಿಂಗ್ ಅಂದ್ರ ಸ್ಪ್ರಿಂಗಲೇ, ಹಾಕು” ಅಂದ್ರಂತ. ಗಾಡಿ ಚಾಲೂ ಆತು. ದಾರಿ ತುಂಬ ಸಾವಕಾರ್ರು ಖುಷೀಲೆ ಹಾಡಿದ್ರಂತ. ಮನಿ ಹತ್ರ ಬಂದಾಗ ಹೇಳಿದ್ರಂತ, “ಖಾಸಿಂ, ಇದು ಅಣ್ಣಗ ಗೊತ್ತಾಗಬಾರದು. ಮಗ್ಗದ ಸಾಮಾನ ಮೋಟಾರಿಗೆ ಹಾಕಿದ್ನಿ ಅಂತ ಸಾಯೋತನಕ ನಗತಾನ” ಅಂತ. ಇವ್ರು ಆತ್ರಿ ಅಂದ್ರು. ಮುಗೀತು.’

ನನಗೆ ನಗು ಬಂತು. ತಡೆಯಲಾಗಲಿಲ್ಲ. ಅಮಾತೆಪ್ಪ ಪಕ್ಕಡು ಹಿಡಿದು ಹಾಡುತ್ತ... ಹೊಟ್ಟೆ ಹಿಡಿದು ನಕ್ಕೆ.

ಲಾಡಬಿ ನಗಲಿಲ್ಲ. ಶಿವಬಸವ್ವನೂ ನಗಲಿಲ್ಲ.

‘ನಗ್ರಿ ಅಣ್ಣಾರ. ನಮ್ಮನಿಯವರು ಈಗ ನಡಿವಾಗೂ ಕಾಲು ಎಳೀತಾರ. ಖರೇನ ಎಳೀತಾರ’ ಎಂದು ಸೆರಗು ಸರಿ ಮಾಡಿಕೊಂಡು ಹೋದಳು.



೧೯ ಏಪ್ರಿಲ್

ಖಾಸಿಂನ ಮನೆಗೆ ಹೋದೆ. ಚಹಾ ಬಂತು.

‘ಹೇಳಬೇಕಿತ್ತಲ್ಲೋ. ನನ್ನ ಕೈ ಮುರೀತಿತ್ತು.’

‘ಆ ಸ್ಪ್ರಿಂಗು ಬಟಾಣಿ ಕಾಳಿನಷ್ಟು ಐತ್ರಿ. ಅದು ಅಷ್ಟ ದೊಡ್ಡ ಗಾಡೀನ ಹಿಡದು ನಿಲ್ಲಸ್ತೈತಿ ಅಂತ ನನಗೇನ್ ಗೊತ್ತು? ನಂದ ಕಾಲು ಅಂತ ತಿಳದಿದ್ನಿ. ನೀವು ಕೇಳಿದಾಗ ಬಾಯಿತನಕ ಬಂತು. ಮಾತು ಕೊಟ್ಟೇನಲ್ಲ ಅಂತ ನುಂಗಿದ್ನಿ.’

‘ನಿನ್ನ ಅನ್ನಾ ಕಸಗೊಳ್ಳಾಕತ್ತಾನ ಅಂವ. ಅವಗ ಕೊಟ್ಟ ಮಾತು ಹಿಡಕೊಂಡು ಕುಂತೀಯಲ್ಲ!’

‘ಅಣ್ಣನ ಮುಂದ ಸಣ್ಣಾವ ಆಗೋದು ಭಾಳ ಕೆಟ್ಟ ಅಣ್ಣಾರ. ನನಗೂ ಒಬ್ಬ ಅಣ್ಣ ಇದ್ದ’ ಅಂದ. ಚಹಾದ ಕಪ್ಪು ಕೆಳಗಿಟ್ಟು, ‘ನೀವು ಬರದ್ರ ನಾ ಹೇಳಿದಂಗ ಆಕ್ಕೈತಿ. ಬರೀಬ್ಯಾಡ್ರಿ. ಗಾಡಿ ಸರಿಯಾದ್ರ ಸಾಕಲ್ಲ, ತಾವ ನನ್ನ ಇಟಗೊಳ್ತಾರ.’

ಬರೆಯುವುದಿಲ್ಲ ಎಂದೆ. ಬೇರೇನು ಹೇಳಲಿ?

೨೩ ಏಪ್ರಿಲ್

ಸ್ಪ್ರಿಂಗ್ ಬಂತು. ಕೂದಲೆಳೆಯಂಥದು. ಹಾಕಿದೆವು, ಟೈಮಿಂಗ್ ಮೊದಲಿನ ಜಾಗಕ್ಕೆ ತಂದೆವು. ಗುಳೇದಗುಡ್ಡದ ಏರಿಗೇ ಒಯ್ದೆವು, ಹಿಂದಿನ ಸೀಟಿನಲ್ಲಿ ಶಿವಬಸವ್ವ, ಲಾಡಬಿ, ಎರಡು ಚೀಲ ಜೋಳ. ಥರ್ಡಿನಲ್ಲಿ ಹೊಕ್ಕೆವು, ಥರ್ಡಿನಲ್ಲೇ ಹೊರಬಿದ್ದೆವು. ಮೇಲೆ ನಿಲ್ಲಿಸಿ ಖಾಸಿಂ ಇಳಿದ. ಗಾಡಿಯ ಸುತ್ತ ಒಂದು ಸುತ್ತು ಬಂದ. ಕಾಲು ಎಳೆಯಲಿಲ್ಲ.

ಲಾಡಬಿ, ‘ಕಾಲಿಗೆ ತಿಕ್ಕಿದ ಎಣ್ಣಿ ಎಲ್ಲಾ ಹಾಳಾತು’ ಅಂದಳು.

ತಮ್ಮನಿಗೆ ಅಲ್ಲಿಂದಲೇ ಕಾರ್ಡು ಬರೆದು ಹಾಕಿದೆ. ಗಾಡಿಯ ದೋಷವಿತ್ತು, ಸರಿಯಾಯಿತು, ಖಾಸಿಂನ ಕಾಲು ಆರಾಮಿದೆ.

೨೬ ಏಪ್ರಿಲ್

ತಮ್ಮನ ಉತ್ತರ. ಎಷ್ಟು ಬೇಗ!

‘ಗಾಡಿ ಸರಿಯಾದದ್ದು ಸಂತೋಷ. ಆದರೆ ಹುಲ್ಲಪ್ಪನಿಗೆ ಒಂದನೇ ತಾರೀಖಿಗೆ ಬರಲು ಹೇಳಿಬಿಟ್ಟಿದ್ದೇನೆ. ಖಾಸಿಂನಿಗೂ ವಯಸ್ಸಾಯಿತು, ಆರಾಮ ಮಾಡಲಿ. ನಿನಗೆ ಅವನ ಮೇಲೆ ಪ್ರೀತಿ, ಅದಕ್ಕೇ ಹಾಗೆ ಬರೆಯುತ್ತಿ. ದೋಷ ಏನಿತ್ತು, ನೀನು ತಿಳಿಸಲಿಲ್ಲ.’

ಕಡೆಯ ಸಾಲು ನಾಲ್ಕು ಸಲ ಓದಿದೆ. ಅವನಿಗೆ ಅನುಮಾನವಿದೆ. ಗೊತ್ತಾಯಿತೋ ಇಲ್ಲವೋ ಎಂದು ಕೇಳುತ್ತಿದ್ದಾನೆ.

ಖಾಸಿಂನಿಗೆ ಓದಿ ಹೇಳಿದೆ, ಈ ಸಲ ಪೂರಾ. ‘ಆತು ಬಿಡ್ರಿ. ಹುಡುಗಗ ಗಾಡಿ ಸರಿ ಮಾಡಿ ಕೊಟ್ಟಂಗ ಆತು’ ಅಂದ. ಗಾಡಿಯ ಗಾಜು ಒರೆಸಲು ಹೋದ. ಆಗಲೇ ಒರೆಸಿದ್ದ ಗಾಜು.

ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಬಾಯಿ ಮುಚ್ಚಿ ಹೇಗೆ ಬರೆಯಲಿ?

೨೭ ಏಪ್ರಿಲ್, ಬೆಳಿಗ್ಗೆ

ಮೊದಲು ಬರೆದದ್ದು ಹರಿದೆ. ಅದರಲ್ಲಿ ‘ಮಗ್ಗದ ಮೆಕ್ಯಾನಿಕ್’ ಎಂದಿತ್ತು. ಶಿವಬಸವ್ವ ಓದಿಸಿ ಕೇಳಿ, ‘ಇದನ್ನ ಓದಿ ಯಾರು ಖರೆ ಹೇಳ್ತಾರ್ರಿ?’ ಅಂದಳು. ಖಾಸಿಂ ಅಂಗಳದಲ್ಲಿ ಗಾಡಿಗೆ ನೀರು ಹಾಕುತ್ತಿದ್ದಾನೆ. ಒಂಬತ್ತಕ್ಕೆ ಬಾಗಲಕೋಟೆಗೆ ಹೊರಡುವವನು. ಕಾಗದ ಅವನ ಕೈಯಲ್ಲೇ.

‘ಚಿ. ಅಮಾತೆಪ್ಪನಿಗೆ ಆಶೀರ್ವಾದಗಳು. ಗುರುಲಿಂಗವ್ವ, ಚಂದವ್ವ ಆರಾಮ ಇರಬೇಕು. ದೋಷ ಏನಿತ್ತು ಎಂದು ಕೇಳಿದ್ದಿ. ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ, ತೆಗೆದು ನೋಡು. ಇದು ಡೆಲ್ಕೋದ ಒಳಗಿತ್ತು. ಹೇಗೆ ಬಂತೆಂದು ಖಾಸಿಂನನ್ನು ಎರಡು ಸಲ ಕೇಳಿದೆ. ಹೇಳಲಿಲ್ಲ. ಯಾರು ಹಾಕಿದರೋ, ಅವರು ಆ ಹೊತ್ತಿಗೆ ಗಾಡಿಯನ್ನು ಮನೆ ಮುಟ್ಟಿಸಿದರು. ಅಲ್ಲಿ ನಾನಿದ್ದರೂ ಕೈಗೆ ಸಿಕ್ಕಿದ್ದನ್ನೇ ಹಾಕುತ್ತಿದ್ದೆ. ಆಮೇಲೆ ತೆಗೆಯಲು ಮರೆತರು, ಅಷ್ಟೇ. ಆ ಮರೆವನ್ನು ಒಬ್ಬನು ತನ್ನ ಕಾಲಿನ ಮೇಲೆ ಹೊತ್ತುಕೊಂಡು ದಸರೆಯಿಂದ ತಿರುಗುತ್ತಿದ್ದಾನೆ. ಈ ಕಾಗದ ತಂದುಕೊಟ್ಟವನು. ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಓದು.

‘ಈ ಸ್ಪ್ರಿಂಗ್ ಎಲ್ಲಿಯದು, ನೀನೇ ಬರೆದು ತಿಳಿಸು. ನಾನು ನಗುವುದಿಲ್ಲ. ಮನೆಯಲ್ಲಿ ಯಾರೂ ನಗುವುದಿಲ್ಲ. ಒಂದನೇ ತಾರೀಖಿನೊಳಗೆ ಬರೆ, ತಮ್ಮಾ. ಹುಲ್ಲಪ್ಪ ಬಂದು ಬಾಗಿಲಲ್ಲಿ ನಿಲ್ಲುವ ಮುಂಚೆ ಬರೆ. ಒಂದೇ ಸಾಲು ಸಾಕು. ಬೇಗ—’

ಖಾಸಿಂ ಹಾರ್ನ್ ಬಾರಿಸುತ್ತಿದ್ದಾನೆ. ಶಾಯಿ ಇನ್ನೂ ಹಸಿ...